ಮೇಣದಾಗಿನ ತೂತು

ಒದ್ದಿ ಅರಿವಿ ಗಂಟು ಬಿಚ್ಚಿದ ಕಳಕವ್ವನ ಕೈ ಅಲ್ಲೇ ನಿಂತಿತು. ಬಿತ್ತೋದಕ್ಕ ಮುಂಚೆ ಒಂದು ಚಿಟಿಕಿ ಉಳ್ಳಾಗಡ್ಡಿ ಬೀಜ ಒದ್ದಿ ಅರಿವ್ಯಾಗ ಕಟ್ಟಿ ಮೊಳಕಿ ನೋಡೋದು ಆಕಿ ರೂಢಿ. ವಾರ ಕಳೆದಿತ್ತು. ಒಂದಕ್ಕೂ ಮೊಳಕಿ ಇಲ್ಲ, ಇಲಿ ಹಿಕ್ಕಿ ಹಂಗ ಕರ್ರಗ ಬಿದ್ದಿದ್ದವು.

ಆ ಬೀಜ ಅಂಗಡ್ಯಾಗ ಸಿಗೋದಲ್ಲ. ತವರೂರು ಸೂಡಿಯಾಗಿದ್ದ ಆಕಿ ಅವ್ವ ಜಲಮೆಲ್ಲ ಕಾಯ್ದುಕೊಂಡು ಬಂದದ್ದು. ಗಡ್ಡಿ ಸಣ್ಣದು, ಆದ್ರ ಖಾರ ಅಂದ್ರ ಖಾರ, ಯುಗಾದಿ ತನಕ ಇಟ್ರೂ ಕೊಳೀತಿರಲಿಲ್ಲ. ಹೋದ ಬ್ಯಾಸಗ್ಯಾಗ ಮಗಳ ಉಡಿಗೆ ಹಾಕಿ ಗಂಡನ ಊರು ಮುಶಿಗೇರಿಗೆ ಕಳಿಸಿದಾಕಿ, ಶ್ರಾವಣದಾಗ ತೀರಿಕೊಂಡ್ಲು. ತವರಾಗ ಈಗ ಯಾರೂ ಉಳ್ಳಾಗಡ್ಡಿ ಹಾಕೋದಿಲ್ಲ. ಈ ಗಡಿಗ್ಯಾಗ ಇದ್ದದ್ದೇ ಕಡೀದು.

ಉಳ್ಳಾಗಡ್ಡಿ ಬೀಜ ಭಾಳ ನಾಜೂಕು, ಒಂದು ಮಳಿಗಾಲದ ಹಸಿ ತಾಗಿದ್ರ ಸತ್ತಂಗ. ಮಣ್ಣಿನ ಗಡಿಗ್ಯಾಗ ನೀರು ಇಟ್ರ ಹೊರಗ ಬೆವರತದಲ್ಲ, ಹಂಗೇ ಹೊರಗಿನ ಹಸಿನೂ ಅದು ಒಳಗ ಎಳಕೊಂತದ. ಅದಕ್ಕ ಅವ್ವ ಹೇಳಿಕೊಟ್ಟಂಗ ಕಳಕವ್ವ ಬೀಜ ಒಣಗಿಸಿ ತುಂಬಿ, ಜೇನುಮೇಣ ಕರಗಿಸಿ ಗಡಿಗಿ ಮೈತುಂಬ ಬಳದು, ಮುಚ್ಚಳದ ಸುತ್ತ ದಪ್ಪಗ ಮೆತ್ತಿದ್ದಳು. ಮೇಣ ದಾಟಿ ಹಸಿ ಸುಳಿಯೋದಿಲ್ಲ, ಗಾಳಿನೂ ಅಷ್ಟಕ್ಕಷ್ಟ. ಒಳಗ ಹುಳ ಇದ್ರೂ ಉಸಿರಿಲ್ದ ಸಾಯಬೇಕು.

ಹಂಗಾರ ಇದೇನು? ಅಟ್ಟದ ಮ್ಯಾಲಿಂದ ಗಡಿಗಿ ಇಳಿಸಿ ಬೆಳಕಿಗೆ ಹಿಡಿದು ನೋಡಿದಳು. ಹಿಂಬದಿ, ಮುಚ್ಚಳದ ಕೆಳಗ, ಮೇಣದಾಗ ಸಾಲಾಗಿ ತೂತು. ಇಲಿ ಕಡದದ್ದಲ್ಲ, ಚೀಲ ಹೊಲಿಯೋ ದಬ್ಬಣದ್ದು.

ಗಂಡ ಗೋಣೆಪ್ಪ ಅಂಗಳದಾಗ ಎತ್ತಿನ ಮೈ ತಿಕ್ಕತಿದ್ದ.

"ಇದನ್ನ ಯಾರು ಚುಚ್ಚ್ಯಾರ್ರೀ?"

"ನಾನ. ಹೋದ ಶ್ರಾವಣದಾಗ," ಅಂದ, ಪುಣ್ಯದ ಕೆಲಸ ಮಾಡಿದವರ ಹಂಗ. "ನೀ ಮೇಣ ಬಡದು ಅದರ ದಮ್ಮು ಕಟ್ಟಿಸಿದ್ದಿ. ಬೀಜ ಅಂದ್ರ ಜೀವ ಅಲ್ಲೇನು? ಉಸಿರಾಡಲಿ ಅಂತ ನಾಕು ತೂತು ಹಾಕಿದ್ನಿ."

ಖರೇನ ಅಂಥಾ ಮನಿಷ್ಯಾ ಆಂವ. ಇರಿವಿಗೆ ಸಕ್ಕರಿ ಹಾಕತಾನ. ಸಂತ್ಯಾಗ ಕೋಳಿ ಕೊಂಡ್ರ ಗಜೇಂದ್ರಗಡದಿಂದ ಮನಿ ಮುಟ್ಟೋ ತನಕ ಚೀಲದ ಬಾಯಿ ತೆರೆದು ಹಿಡಕೊಂಡು ಬರತಾನ. ದೇವರಂಥಾ ಗಂಡ ಸಿಕ್ಕಾನ ಅಂತ ಓಣಿ ಹೆಂಗಸರು ಹೇಳಿ ಹೇಳಿ ಕಳಕವ್ವನ ಕಿವಿ ಜಡ್ಡುಗಟ್ಟಿದ್ದವು.

"ಮುಟ್ಟಬ್ಯಾಡ್ರಿ ಅಂತ ಬಡಕೊಂಡಿದ್ನೆಲ್ಲ. ಹಸಿ ಹೊಕ್ಕು ಎಲ್ಲಾ ಸತ್ತು ಕುಂತಾವ."

"ಆತು ಬಿಡ. ಗಜೇಂದ್ರಗಡಕ್ಕ ಹೋಗಿ ಪಾಕೀಟಿನ ಬೀಜ ತರತೀನಿ. ಅದೇನು ಬಂಗಾರನ?"

ಸಿಟ್ಟು ನೆತ್ತಿಗೇರಿತು. ಕಳಕವ್ವ ಗಡಿಗಿ ಎತ್ತಿ ಅಂಗಳಕ್ಕ ಅಪ್ಪಳಿಸಿದಳು. ಮುಗ್ಗುಗಟ್ಟಿದ ಬೀಜ ಎತ್ತಿನ ಕಾಲಾಗ ಚೆಲ್ಲಿತು. ದಿನಾ ‘ರೀ’ ಅನ್ನೋ ಬಾಯಿ ಇವತ್ತ ಮರ್ಯಾದಿ ಬಿಟ್ಟಿತು.

"ಉಸಿರಂತ ಉಸಿರು. ಅದ ಶ್ರಾವಣದಾಗ, ನಮ್ಮವ್ವ ಮ್ಯಾಲುಸಿರು ಬಿಡಾಕತ್ತಾಳ ಅಂತ ಸೂಡಿಯಿಂದ ಫೋನ್ ಬಂತು. ಹೊಲದಾಗ ಕಳಿ ತಗಿಯೋದೈತಿ, ನಾಳಿ ಹೋಗು ಅಂದಿ. ನಾಳಿ ಹೋಗಿ ಮಣ್ಣು ಹಾಕಿ ಬಂದ್ನಿ. ನೀ ಇಲ್ಲಿ ಕುಂತು ಗಡಿಗಿಗೆ ದಬ್ಬಣ ಹಾಕತಿದ್ದಿ."

ಗೋಣೆಪ್ಪ ತಲಿ ಬಗ್ಗಿಸಿ ಮತ್ತ ಎತ್ತಿನ ಬೆನ್ನು ತಿಕ್ಕಾಕತ್ತಿದ.

"ನೀ ಅವತ್ತ ಒಂದ ಸಲ ಕೇಳಿ ಸುಮ್ಮನಾದಿ," ಅಂದ ಸಣ್ಣ ದನಿಲೆ. "ಇನ್ನೊಮ್ಮಿ ಕೇಳಿದ್ರ ಕಳಸ್ತಿದ್ನೆಲ್ಲ."

"ಉಸಿರು ಬೇಕಂತ ಬೀಜ ಕೇಳಿತ್ತೇನು?" ಅಂದಳು ಕಳಕವ್ವ.