ನೀಲಿ ಕೈಗಳ ಮನೆಯ ಮಗಳು

ಚಮಚ ಮತ್ತೆ ಹಲ್ಲಿಗೆ ತಾಗಿ ನಿಂತಿತು. ಅಯಿಂಕೆ ತುಟಿ ಬಿಗಿದು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮೆಕ್ಕೆಜೋಳದ ಗಂಜಿ ಗದ್ದದಿಂದ ಕೊರಳಿಗೆ ಇಳಿಯಿತು. ಲಾಡಿಪೊ ಅದನ್ನು ಅಂಗೈಯಿಂದಲೇ ಒರೆಸಿದ.

"ನಿನ್ನವ್ವ ಹಂಗೆಲ್ಲ ಬಾಯಿ ಬಿಡಲ್ಲಪ್ಪ," ಎಂದಳು ಬಾಗಿಲಲ್ಲಿ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದ ಪಕ್ಕದ ಮನೆಯ ಇಯಾ ರಮೊನಿ. "ನಿನ್ನ ಚಿಕ್ಕಮ್ಮ ದಿನಾ ಎದುರಿಗೆ ಕೂತು ತೌರಿನ ಒರಿಕಿ ಪದ ಹೇಳೋಳು. ಇಂಥೋರ ಮಗಳೇ, ಇಂಥೋರ ಮೊಮ್ಮಗಳೇ ಅಂತ ಹೊಗಳ್ತಾ ಹೊಗಳ್ತಾ ತುತ್ತು ಇಳಿಸೋಳು. ಈಗ ಅವಳೇ ಮಣ್ಣಿಗೆ ಹೋದ್ಲು. ಆವತ್ತಿಂದ ಇವಳ ಹೊಟ್ಟೆಗೆ ಬರೀ ನೀರು."

"ನಿಮಗೆ ಬರಲ್ವಾ?"

"ನಂದು ಬೇರೆ ಮನೆತನ ಕಣೋ. ನಮ್ಮೋರ್ದು ಹೇಳಿದ್ರೆ ಎದ್ದು ಜಗಳಕ್ಕೇ ಬಂದಾಳು!" ನಕ್ಕಳು. ನಗು ಅಲ್ಲಿಗೇ ನಿಂತಿತು. "ಅಲ್ಲಾ, ನಿನ್ನವ್ವನೇ ನಿಂಗೆ ಒಂದು ಮಳೆಗಾಲ ಪೂರ್ತಿ ಹೇಳಿದ್ಲಲ್ಲ? ಪುಸ್ತಕಕ್ಕೆ ಹಾಕ್ದೆ, ಬಿಳೀರು ಬಹುಮಾನ ಕೊಟ್ರು. ಅದನ್ನೇ ಓದೋ, ಮಾರಾಯ."

ಹಾಕಿದ್ದ, ಇಂಗ್ಲಿಷಿನಲ್ಲಿ. ಅವ್ವನ ದನಿಯಿದ್ದ ಟೇಪುಗಳ ಮೇಲೆ ಆಮೇಲೆ ತನ್ನದೇ ಸಂದರ್ಶನಗಳನ್ನು ತುಂಬಿಸಿದ್ದ. ಇಂಗ್ಲಿಷಿಗೆ ಬಂದಮೇಲೆ ಮೂಲ ಇನ್ನೇಕೆ ಅನ್ನಿಸಿತ್ತು.

ಓದಲು ಬಾರದ ಅಯಿಂಕೆ ಆ ಪುಸ್ತಕವನ್ನು ತಲೆದಿಂಬಿನ ಬಳಿಯೇ ಇಟ್ಟುಕೊಂಡಿದ್ದಳು. ಲಾಡಿಪೊ ಪುಟ ಹುಡುಕಿ, ಒಂದೊಂದೇ ಸಾಲನ್ನು ತಮ್ಮ ಮನೆಮಾತಾದ ಯೊರೂಬಾಕ್ಕೆ ತಿರುಗಿಸುತ್ತ ಹೇಳತೊಡಗಿದ. ನೀಲಿ ಕೈಗಳ ಮನೆಯ ಮಗಳೇ. ಸಂಜೆಯನ್ನೇ ಮಡಕೆಯಲ್ಲಿ ನೆನೆಹಾಕಿದವರ ಮೊಮ್ಮಗಳೇ. ಬಟ್ಟೆಗೆ ನೀಲಿ ಬಣ್ಣ ಅದ್ದುವ ಆ ಮಡಕೆಗೆ ಅವ್ವ ಯಾವ ಹೆಸರು ಹೇಳಿದ್ದಳು? ನೆನಪಾಗಲಿಲ್ಲ. ಅವಳ ಬಾಯಲ್ಲಿ ಡೋಲಿನ ಹಾಗೆ ಏರಿಳಿಯುತ್ತಿದ್ದ ಮಾತು ಇವನ ಬಾಯಲ್ಲಿ ಕಲ್ಲಿನಂತೆ ಬೀಳುತ್ತಿತ್ತು. ಅರ್ಥವೆಲ್ಲ ಸರಿಯಿತ್ತು. ಅವನು ದನಿ ಏರಿಸಿದ.

ಅಯಿಂಕೆ ಕಣ್ಣು ತೆರೆದಳು. ಅವನ ಕನ್ನಡಕವನ್ನು, ಕೈಯಲ್ಲಿದ್ದ ಪುಸ್ತಕವನ್ನು ದಿಟ್ಟಿಸಿದಳು.

"ಅವ್ವಾ?" ಲಾಡಿಪೊ ಗಂಜಿಯ ಬಟ್ಟಲಿಗೆ ಕೈ ಚಾಚಿದ.

ಅವಳು ಎದೆಯ ಬಟ್ಟೆ ಬಿಗಿದುಕೊಂಡು ಮಂಚದಿಂದ ಜಾರಿದಳು. ಹಿಡಿಯುವ ಮೊದಲೇ ನೆಲಕ್ಕೆ ಮೊಣಕಾಲೂರಿದ್ದಳು.

"ತೆರಿಗೆ ಕಟ್ಟಾಯ್ತು, ಸಾರ್. ನನ್ ಮಗ ಮನೇಲಿಲ್ಲ, ಇಸ್ಕೂಲಿಗೆ ಹೋಗವ್ನೆ. ಅವನು ಬರ್ಲಿ, ನೀವು ಓದಿದ್ದು ಏನೂಂತ ಬಿಡಿಸಿ ಹೇಳ್ತಾನೆ. ನಂಗೆ ನಿಮ್ ಭಾಷೆ ತಿಳಿಯಾಕಿಲ್ಲ."

"ನಾನೇ ಕಣವ್ವಾ! ನಮ್ ಮಾತಲ್ಲೇ ಹೇಳಿದ್ನಲ್ಲವ್ವಾ!"

"ಹೂಂ, ಸಾರ್," ಎಂದಳು ತಲೆ ತಗ್ಗಿಸಿ.

"ಅಯ್ಯೋ, ಏಳೇ!" ಇಯಾ ರಮೊನಿ ಚಾಕು ಬಿಸಾಕಿ ಓಡಿಬಂದಳು. "ಹೆತ್ತ ಮಗನಿಗೆ ಯಾರಾದ್ರೂ ಮೊಣಕಾಲೂರ್ತಾರೇನೇ?"

ಅಯಿಂಕೆ ಏಳಲಿಲ್ಲ. ಅವಳಿಗಿಂತ ತಗ್ಗಿಗೆ ಹೋಗಲು ಲಾಡಿಪೊಗೆ ಒಂದೇ ದಾರಿಯಿತ್ತು. ಅವನು ಎದೆ, ಹಣೆ ಎರಡೂ ಸಿಮೆಂಟಿಗೆ ತಾಗುವಂತೆ ಅವಳ ಮುಂದೆ ಉದ್ದಕ್ಕೆ ಮಲಗಿಬಿಟ್ಟ. ಅಯಿಂಕೆ ಗಾಬರಿಯಿಂದ ನೋಡಿದಳು. ಆಮೇಲೆ, ಸಾಹೇಬನಿಗೆ ಜಾಗ ಸಾಲದೇನೋ ಎಂಬಂತೆ, ಮೊಣಕಾಲುಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.