ಬಾಲದ ಕಡೆಯಿಂದ

"ಇವತ್ತು ನಾನು ರೋಡಿಗೆ ಇಳಿಯಂಗಿಲ್ಲ ಸಾವ್ಕಾರ್ರೆ," ಎಂದವಳೇ ಗುತ್ಯಮ್ಮ ಧರ್ಮಪ್ಪನ ಅಡಿಕೆ ಮಂಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೊರಬದಲ್ಲಿ ಸಂತೆಯ ದಿನ, ಬೆಳಗಿನ ಒಂಬತ್ತೂವರೆ. ಎದುರಿನ ಪೇಟೆ ಬೀದಿಯಲ್ಲಿ ಎರಡು ಆಟೋಗಳು ಆಗಲೇ ಮೂತಿಗೆ ಮೂತಿ ಕೊಟ್ಟು ನಿಂತಿದ್ದವು.

ಧರ್ಮಪ್ಪ ಪೇಟೆಯ ವರ್ತಕರ ಸಂಘದ ಅಧ್ಯಕ್ಷ. ಬೀದಿ ಕಟ್ಟಿಕೊಂಡು ಗಿರಾಕಿಗಳು ಅಂಗಡಿಗೆ ಬರಲಾರದೆ ವಾಪಸು ಹೋಗುತ್ತಿದ್ದ ಕಾಲದಲ್ಲಿ, ಮೂರು ವರ್ಷದ ಹಿಂದೆ, ವಾಹನ ನೋಡಿಕೊಳ್ಳಲೆಂದು ಗುತ್ಯಮ್ಮನನ್ನು ದಿನಗೂಲಿಗೆ ಗೊತ್ತು ಮಾಡಿದವನೂ ಅವನೇ. ದಿನಕ್ಕೆ ಇನ್ನೂರೈವತ್ತು. ಈ ಮೂರು ವರ್ಷದಲ್ಲಿ ಅಡಿಕೆ ದರ ಏರಿತು, ಇಳಿಯಿತು, ಮತ್ತೆ ಏರಿತು. ಅವಳ ಕೂಲಿ ಮಾತ್ರ ಗೂಟಕ್ಕೆ ಕಟ್ಟಿಹಾಕಿದ ಹಾಗೆ ಅಲ್ಲೇ ನಿಂತಿತ್ತು.

"ನಾನೂರೈವತ್ತು ಮಾಡ್ರಿ. ಅಡಿಕೆ ಸುಲಿಯಾಕೆ ಹೋಗೋರಿಗೆ ಅದಕ್ಕಿಂತ ಜಾಸ್ತಿ ಸಿಗತೈತಿ."

"ಅಡಿಕೆ ಸುಲಿಯದು ಕೆಲಸ ಮಾರಾಯ್ತಿ. ನಿಂದೆಂತ ಕೆಲಸ? ನಿಂತ್ಕಂಡು ಕೈ ಬೀಸದು. ಕೈ ಇದ್ದೋರೆಲ್ಲ ಮಾಡ್ತಾರೆ."

"ಹಂಗಾದ್ರೆ ಇವತ್ತೊಂದು ದಿನ ನೀವೇ ಬೀಸ್ರಿ."

ಮಂಡಿಯೊಳಗೆ ಚೀಲ ಹೊಲಿಯುತ್ತಿದ್ದವರು ಕಿಸಕ್ಕೆಂದರು. ಧರ್ಮಪ್ಪನ ಮುಖ ಕೆಂಪಾಯಿತು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಎದ್ದ. "ಆಯ್ತು. ಆದ್ರೆ ಒಂದು ಮಾತು. ನಾನು ಮಾಡಿ ತೋರಿಸಿದ್ರೆ ನಾಳೆಯಿಂದ ನೀ ಬರದು ಬೇಡ."

ಗುತ್ಯಮ್ಮ ಅಷ್ಟು ದೂರ ಯೋಚಿಸಿರಲಿಲ್ಲ. ಆದರೆ ಆಡಿದ ಮಾತನ್ನು ನುಂಗಿಕೊಳ್ಳುವ ಜಾಯಮಾನ ಅವಳದಲ್ಲ. "ಆಗ್ಲೇಳ್ರಿ," ಎಂದಳು.

ಅಲ್ಲಿಂದೆದ್ದು ಹೂವಿನಂಗಡಿಯ ಪ್ರಮೀಳಾಳ ಪಕ್ಕ ಹೋಗಿ ಕೂತಳು. ಪ್ರಮೀಳಾ ಸೇವಂತಿಗೆ ಕಟ್ಟುವುದನ್ನು ನಿಲ್ಲಿಸಿ, "ಎಂತಾ ಮಾಡ್ಕಂಡೆ ಮಾರಾಯ್ತಿ ನೀನು? ಇದ್ದದ್ದೂ ಹೋದ್ರೆ?" ಎಂದಳು.

"ಹೋದ್ರೆ ಅಡಿಕೆ ಸುಲಿತೀನಿ," ಎಂದಳು ಗುತ್ಯಮ್ಮ. ಆದರೆ ಅವಳಿಗೆ ಅಡಿಕೆ ಸುಲಿಯುವುದು ಬೇಕಿರಲಿಲ್ಲ. ಈ ಬೀದಿ ಬೇಕಿತ್ತು. ಯಾವ ಗಾಡಿಯ ಬ್ರೇಕು ಸರಿಯಿಲ್ಲ, ಯಾವ ಡ್ರೈವರಿಗೆ ಮುಂಗೋಪ, ಯಾವ ತಿರುವಿನಲ್ಲಿ ಎಷ್ಟು ಗೇಣು ಜಾಗ ಉಳಿಯುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ. ಅಷ್ಟೆಲ್ಲ ತಿಳಿದುಕೊಂಡದ್ದನ್ನು ಒಬ್ಬ ಮನುಷ್ಯ 'ಕೈ ಬೀಸದು' ಅಂದುಬಿಟ್ಟನಲ್ಲ.

ಧರ್ಮಪ್ಪ ಪಂಚೆ ಎತ್ತಿ ಕಟ್ಟಿ ಬೀದಿಯ ನಡುವೆ ನಿಂತ. ಅವನ ಮಂಡಿಗೆ ಸುತ್ತಲಿನ ಊರುಗಳಲ್ಲೆಲ್ಲ ಒಳ್ಳೆಯ ಹೆಸರು. ಮೊದಲು ಬಂದವನ ಚೀಲ ಮೊದಲು ತೂಕ. ಸ್ವಂತ ಭಾವಮೈದುನ ಬಂದರೂ ಸರದಿಯಲ್ಲೇ ನಿಲ್ಲಬೇಕು. ಆ ನೇಮದಿಂದಲೇ ಮೂವತ್ತು ವರ್ಷ ಒಂದು ಜಗಳವಿಲ್ಲದೆ ಮಂಡಿ ನಡೆಸಿದ್ದ. ಈಗ ಅದನ್ನೇ ಬೀದಿಗೂ ತಂದ.

"ಯಾರು ಮೊದಲು ಬಂದ್ರೋ ಅವರು ಮೊದಲು ಹೋಗದು. ನಡೀರಿ."

ಮೊದಲ ಒಂದು ಗಂಟೆ ಎಲ್ಲ ಸುಸೂತ್ರ. ಆಟೋಗಳು ಬಿಡಿಸಿಕೊಂಡವು, ಭತ್ತದ ಟ್ರ್ಯಾಕ್ಟರು ಹೋಯಿತು, ಬೈಕಿನವರು ಸಾಲಾಗಿ ಹೋದರು. ಧರ್ಮಪ್ಪ ಹೂವಿನಂಗಡಿಯ ಕಡೆ ತಿರುಗಿ ಮೀಸೆಯಡಿ ನಕ್ಕ. ಗುತ್ಯಮ್ಮ ನೆಲ ನೋಡಿದಳು. ಇಷ್ಟೇ ಏನು, ಮೂರು ವರ್ಷ ಬಿಸಿಲಲ್ಲಿ ಬೆಂದದ್ದು ಇಷ್ಟು ಸುಲಭದ್ದಕ್ಕಾ ಅನ್ನಿಸಿ ಅಳು ಬಂದ ಹಾಗಾಯಿತು.

ಹತ್ತೂಮುಕ್ಕಾಲಿಗೆ ಜಡೆ ಊರಿನ ಬಸ್ಸು ಬಂತು. ಅದಕ್ಕೆ ಎದುರಾಗಿ ಧರ್ಮಪ್ಪನದೇ ಅಡಿಕೆ ತುಂಬಿದ ಲಾರಿ, ಮಧ್ಯಾಹ್ನ ಎರಡು ಗಂಟೆಯೊಳಗೆ ಶಿಕಾರಿಪುರ ಮುಟ್ಟಬೇಕಾದದ್ದು, ಬೀದಿಯ ಅರ್ಧಕ್ಕೆ ಬಂದಿತ್ತು. ಬಟ್ಟೆ ಅಂಗಡಿಯ ಮುಂದೆ ಎರಡೂ ಎದುರುಬದುರಾದವು. ಬಸ್ಸಿನ ಹಿಂದೆ ಆಟೋ, ಕಾರು, ಗೂಡ್ಸ್ ಗಾಡಿ. ಲಾರಿಯ ಹಿಂದೆ ಶುಂಠಿ ಚೀಲದ ಟ್ರ್ಯಾಕ್ಟರು, ಅದರ ಹಿಂದೆ ಮತ್ತೆ ಆಟೋ.

"ಲಾರಿ ಮೊದಲು ಬಂದದ್ದು. ಬಸ್ಸು ಹಿಂದೆ ತಗಳಿ," ಎಂದ ಧರ್ಮಪ್ಪ.

ಬಸ್ಸಿನ ಡ್ರೈವರ್ ಸಂಗಮೇಶ್ ಕಿಟಕಿಯಿಂದ ತಲೆ ಹೊರಹಾಕಿ, "ಹಿಂದೆ ಎಲ್ಲಿ ತಗಳ್ಳಿ ಸಾವ್ಕಾರ್ರೆ, ಆಟೋದ ಮೇಲೆ ಹತ್ತಿಸ್ಲಾ?" ಎಂದ.

ನ್ಯಾಯವೇನೋ ಸರಿಯಾಗಿತ್ತು, ಜಾಗ ಬೇಕಲ್ಲ. ಧರ್ಮಪ್ಪ ಲಾರಿಯನ್ನು ಎರಡು ಅಡಿ ಮುಂದೆ ತರಿಸಿದ, ಬಸ್ಸನ್ನು ಒಂದಡಿ ಹಿಂದೆ ಸರಿಸಿದ. ಆ ಒಂದಡಿಗೆ ಮೂರು ಬೈಕು ನುಗ್ಗಿದವು. ಹಾರ್ನಿನ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದಂತಾಯಿತು.

ಬೀದಿ ಕಟ್ಟಿಕೊಂಡಿತೆಂದರೆ ಜನರ ಬಾಯಿ ಬಿಚ್ಚಿಕೊಳ್ಳುತ್ತದೆ. ಚಹಾದಂಗಡಿಯ ಮುಂದೆ ಒಬ್ಬ, ರಸ್ತೆ ಅಗಲ ಮಾಡದೆ ಇದಕ್ಕೆ ಮದ್ದಿಲ್ಲ ಎಂದ. ಅಗಲ ಮಾಡಿದರೆ ಇನ್ನೂ ನಾಲ್ಕು ಕಾರು ತಂದು ನಿಲ್ಲಿಸುತ್ತಾರೆ ಎಂದ ಇನ್ನೊಬ್ಬ. ಬೈಪಾಸು ಬೇಕು, ಸಂತೆಯನ್ನು ಊರಾಚೆ ಹಾಕಬೇಕು, ಆಟೋದವರಿಗೆ ದಂಡ ಜಡಿಯಬೇಕು ಎಂದು ತಲೆಗೊಂದು ಮಾತು. ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು, "ಅದೆಲ್ಲ ಆಗೋ ಹೊತ್ತಿಗೆ ನಾವಿರದಿಲ್ಲ. ದಿನಾ ಇಲ್ಲಿರ್ತಿದ್ಲಲ್ಲ ಆ ಹೆಂಗಸು, ಅವಳೆಲ್ಲಿ?" ಎಂದಳು.

"ಕೂಲಿ ಸಾಲಲ್ಲ ಅಂತ ಕೂತಿದಾಳೆ," ಎಂದಳು ಪ್ರಮೀಳಾ, ಬೀದಿಗೆಲ್ಲ ಕೇಳುವ ಹಾಗೆ.

"ಎಷ್ಟು ಕೊಡ್ತಾರೆ?"

ಪ್ರಮೀಳಾ ಹೇಳಿದಳು. ಮುದುಕಿ ಧರ್ಮಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. ಸಂಗಮೇಶ್ ಬಸ್ಸಿನ ಇಂಜಿನ್ ಬಂದ್ ಮಾಡಿದ.

ಹನ್ನೊಂದೂಮುಕ್ಕಾಲಿಗೆ ಧರ್ಮಪ್ಪ ಹೂವಿನಂಗಡಿಗೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. "ಮುನ್ನೂರು ಮಾಡಣ. ಏಳು."

ಗುತ್ಯಮ್ಮ ಏಳಲಿಲ್ಲ.

"ಮುನ್ನೂರೈವತ್ತು. ಶಿಕಾರಿಪುರದಲ್ಲಿ ಅಡಿಕೆ ತಗಳೋ ಪಾರ್ಟಿ ಕಾಯ್ತಾ ಕೂತಾನೆ, ನಿಂಗೆ ಗೊತ್ತಾಗ್ತದಾ?"

"ನಾನೂ ಮೂರು ವರ್ಷದಿಂದ ಕಾಯ್ತಾ ಅದೀನಿ ಸಾವ್ಕಾರ್ರೆ. ನಾನೂರೈವತ್ತು. ಮಧ್ಯಾಹ್ನ ಒಂದು ತಾಸು ಕೂರಾಕೆ ಬಿಡಬೇಕು. ಮತ್ತೆ ಇದು ಕೆಲಸ ಅಂತ ಹೇಳ್ರಿ. ನನಗಲ್ಲ, ಅವರಿಗೆ." ಬಸ್ಸಿನ ಕಡೆ ಗದ್ದ ಎತ್ತಿ ತೋರಿಸಿದಳು.

ಇಷ್ಟು ಹೊತ್ತು ಬೀದಿಯಲ್ಲಿ ನಿಂತಿದ್ದ ಧರ್ಮಪ್ಪ ಅಂಗಡಿಯ ಕಂಬಕ್ಕೆ ಒರಗಿದ. "ಕೆಲಸನೇ ಮಾರಾಯ್ತಿ," ಎಂದ ಅವನು. ಆಮೇಲೆ ತಿರುಗಿ ನಿಂತು ದೊಡ್ಡ ದನಿಯಲ್ಲಿ, "ಕೆಲಸನೇ. ನನ್ ಕೈಲಿ ಆಗ್ಲಿಲ್ಲ. ನಾನೂರೈವತ್ತು, ಇವತ್ತಿಂದಲೇ," ಎಂದ.

ಗುತ್ಯಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಎಲ್ಲರೂ ಬಸ್ಸು ಲಾರಿ ಸಿಕ್ಕಿಕೊಂಡಲ್ಲಿಗೆ ದಾರಿ ಬಿಟ್ಟರೆ, ಅವಳು ಅದಕ್ಕೆ ಬೆನ್ನು ಹಾಕಿ, ಬಸ್ಸಿನ ಹಿಂದೆ ಸಾಲು ಮುಗಿಯುವ ಬೀದಿಯ ತುದಿಗೆ ನಡೆದಳು.

"ಸಿಕ್ಕು ಇಲ್ಲಿದ್ರೆ ಅವಳೆಲ್ಲಿಗೆ ಹೋಗ್ತಾಳೆ?" ಎಂದು ಯಾರೋ ನಕ್ಕರು.

ಶಿಕಾರಿಪುರದ ಕಡೆಯ ತವರಲ್ಲಿ ಅವಳು ಹತ್ತು ವರ್ಷ ಅಪ್ಪ ದೊಡ್ಡಬೀರಪ್ಪನ ಕುರಿಯ ಹಿಂದೆ ತಿರುಗಿದವಳು. ಇಕ್ಕಟ್ಟಿನ ಓಣಿಯಲ್ಲಿ ಎರಡು ಮಂದೆ ಎದುರಾದರೆ ಮುಂದಿನ ಕುರಿಯ ಕಿವಿ ಹಿಡಿದು ಜಗ್ಗುತ್ತಿದ್ದವಳನ್ನು ಅಪ್ಪ ಬೈದು, ಹಿಂದಕ್ಕೆ ಹೋಗು, ಬಾಲದ ಕಡೆಯಿಂದ ಸಡಿಲ ಮಾಡು ಎಂದು ಕಲಿಸಿದ್ದ. ಮುಂದಿನದಕ್ಕೆ ಎದುರಿನ ಕೊಂಬು ಮಾತ್ರ ಕಾಣುತ್ತದೆ. ಹಿಂದಿನದಕ್ಕೆ ಬಯಲು ಕಾಣುತ್ತದೆ.

ತುದಿಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಯ ಬಾಗಿಲು ತಟ್ಟಿ ಹಿಂದೆ ತೆಗೆಸಿದಳು. ಅದರ ಮುಂದಿನ ಕಾರನ್ನು ಗೊಬ್ಬರದಂಗಡಿಯ ಪಕ್ಕಕ್ಕೆ ಹಾಕಿಸಿದಳು. ಬೈಕಿನವರನ್ನು ಇಳಿಸಿ ತಳ್ಳಿಸಿದಳು. ಆಟೋಗಳು ಒಂದೊಂದೇ ಹಿಂದೆ ಸರಿದವು. ಅವಳು ಕೂಗಲಿಲ್ಲ, ಯಾರಿಗೂ ಬೈಯಲಿಲ್ಲ. ನಾಲಿಗೆಯಲ್ಲಿ ಟುರ್ ಎನ್ನಿಸುತ್ತ, ಗಾಡಿಗಳ ಬೆನ್ನು ತಟ್ಟುತ್ತ ಮುಂದೆ ಮುಂದೆ ಬಂದಳು. ಕೊನೆಗೆ ಸಂಗಮೇಶನ ಬಸ್ಸಿಗೆ ಹಿಂದೆ ಒಂದು ಬಸ್ಸಿನಷ್ಟು ಜಾಗವಾಯಿತು. ಅವನು ಬಸ್ಸನ್ನು ಹಿಂದೆ ತೆಗೆದು ಒಂದು ಪಕ್ಕಕ್ಕೆ ಒತ್ತಿ ನಿಲ್ಲಿಸಿದ. ಲಾರಿ ಬಟ್ಟೆ ಅಂಗಡಿಯ ಚಪ್ಪರಕ್ಕೆ ನಾಲ್ಕು ಬೆರಳು ಬಿಟ್ಟು ನುಸುಳಿ ಹೋಯಿತು. ಕಾಲು ಗಂಟೆಯೂ ಆಗಿರಲಿಲ್ಲ.

ಬಸ್ಸಿನೊಳಗಿಂದ ಯಾರೋ ಚಪ್ಪಾಳೆ ಹೊಡೆದರು. ಮತ್ತೆ ಬಸ್ಸು ಹತ್ತಿ ಕೂತಿದ್ದ ಮುದುಕಿ ಕಿಟಕಿಯಿಂದ ಕೈ ಚಾಚಿ ಗುತ್ಯಮ್ಮನ ತಲೆ ಸವರಿ ಹೋದಳು. ಗುತ್ಯಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ನಗು ತಡೆಯಲು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮದುವೆಯ ದಿನವೂ ಊರವರು ಅವಳನ್ನು ಇಷ್ಟು ಹೊತ್ತು ನೋಡಿರಲಿಲ್ಲ.

ಲಾರಿಯ ಬೆನ್ನಿಗೆ ತಾನೂ ಶಿಕಾರಿಪುರಕ್ಕೆ ಹೊರಟ ಧರ್ಮಪ್ಪನ ಕಾರು ಪಕ್ಕದ ಗಲ್ಲಿಯಿಂದ ಮೂತಿ ಹಾಕಿತು. ಅದೇ ಹೊತ್ತಿಗೆ ಸಂತೆ ಮುಗಿಸಿದ ಹೆಂಗಸರು ತರಕಾರಿ ಚೀಲ ಹೊತ್ತು ರಸ್ತೆ ದಾಟಲು ನಿಂತಿದ್ದರು. ಗುತ್ಯಮ್ಮ ಕಾರಿನ ಕಡೆ ನೋಡದೆಯೇ ಅಂಗೈ ಎತ್ತಿದಳು.

ಕಾರು ನಿಂತಿತು. ಹೆಂಗಸರು ಮಾತಾಡಿಕೊಂಡು ನಿಧಾನಕ್ಕೆ ದಾಟತೊಡಗಿದರು. ಹಿಂದೆ ಬಂದ ಜೀಪಿನವನು ಹಾರ್ನ್ ಹೊಡೆದ, ಮತ್ತೊಮ್ಮೆ ಹೊಡೆದ. ಧರ್ಮಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ತಡಿ ಎಂಬಂತೆ ಹಿಂದಿನವನಿಗೆ ಅಂಗೈ ತೋರಿಸಿದ.