ಮೂರನೇ ಮಹಡಿಯಲ್ಲಿ ಇಳಿಯದ ಅಜ್ಜಿಗೆ ಎಷ್ಟು ಅಂಕ

೧

ಫೋನಿನಲ್ಲಿ ಕೆಂಪು ಚುಕ್ಕೆ ಬಂತು. ಅಂದರೆ ರೆಕಾರ್ಡ್ ಆಗುತ್ತಿದೆ. ಹಾಗಂತ ಕಥೆ ಶುರುವಾಯಿತು ಎಂದು ತಿಳಿಯಬೇಡಿ, ನಾನಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದೇನೆ. ಓದುಗ ಮಹಾಶಯರೇ, ಸ್ವಲ್ಪ ಹೊತ್ತು ನಿಂತಿರಿ. ಕುರ್ಚಿ ಆಮೇಲೆ ಕೊಡುತ್ತೇನೆ.

ಎಲ್ಲಿಂದ ಶುರು ಮಾಡಲಿ? ಅಜ್ಜಿಯಿಂದ ಶುರು ಮಾಡಿದರೆ ನೀವು ಮೊದಲೇ ಕರಗಿಹೋಗುತ್ತೀರಿ, ಆಮೇಲೆ ನಾನು ಬೈಯುವುದು ನಿಮಗೆ ರುಚಿಸುವುದಿಲ್ಲ. ಲಿಫ್ಟಿನಿಂದ ಶುರು ಮಾಡಿದರೆ ಎಂಜಿನಿಯರುಗಳಷ್ಟೇ ಉಳಿಯುತ್ತಾರೆ. ಅಂಕದಿಂದ? ಹತ್ತಕ್ಕೆ ಹತ್ತು ಎಂದರೆ ಜನ ಓಡಿ ಬರುತ್ತಾರೆ. ಹತ್ತಕ್ಕೆ ಒಂದು ಎಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಇನ್ನೂ ಜೋರಾಗಿ ಓಡಿ ಬರುತ್ತಾರೆ. ಹತ್ತಕ್ಕೆ ಆರು ಎಂದರೆ ನಾಯಿಯೂ ತಿರುಗಿ ನೋಡುವುದಿಲ್ಲ. ನಮ್ಮ ಅಂಗಡಿ ನಡೆಯುವುದೇ ಆ ಆರರ ಮೇಲೆ.

(ಮಾವ, ಇದು ಶುರುನಾ ಇಲ್ಲಾ ಗಂಟಲಾ? ಟೈಪ್ ಮಾಡ್ಲೋ ಬೇಡ್ವೋ?)

ಹೀಗೆ ಆವರಣದೊಳಗೆ ಕೂತು ಮಾತಾಡುವವಳು ನನ್ನ ಸೊಸೆ. ನಾನು ಫೋನಿಗೆ ಬಡಬಡಿಸಿದ್ದನ್ನೆಲ್ಲ ಕಿವಿಗೆ ಹಾಕಿಕೊಂಡು ಟೈಪ್ ಮಾಡುತ್ತಾಳೆ. ನಾನು 'ಹೋಯ್ತು' ಎಂದರೆ 'ಹೋಯಿತು' ಎಂದು ತಿದ್ದುತ್ತಾಳೆ. ಹೀಗಾಗಿ ಪುಟದ ಮೇಲೆ ನಾನು ಇಸ್ತ್ರಿ ಅಂಗಿ ಹಾಕಿಕೊಂಡವನ ಹಾಗೆ ಕಾಣುತ್ತೇನೆ. ನಂಬಬೇಡಿ. ಬನಿಯನ್ನಿನಲ್ಲಿದ್ದೇನೆ.

೧, ಇನ್ನೊಂದು ಸಲ

"ಆ ಎತ್ತರದ ಕಟ್ಟಡದ ಲಿಫ್ಟಿನ ಮೂಲೆಯಲ್ಲಿ ಒಬ್ಬಳು ಮುದುಕಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಕೈಯಲ್ಲಿ..."

ಥೂ. ಪತ್ತೇದಾರಿ ಕಾದಂಬರಿಯ ವಾಸನೆ. ಅಳಿಸಿಬಿಡು.

(ಅಳಿಸಲ್ಲ. ನೀವು ಚೆನ್ನಾಗಿ ಹೇಳೋದೇ ಅಪರೂಪ.)

೨

ಸರಿ, ನೇರವಾಗಿ ಹೇಳುತ್ತೇನೆ. ನಾನು ರೇಡಿಯೋದಲ್ಲಿ ಕ್ರೀಡಾ ವಿವರಣೆ ಕೊಡುತ್ತಿದ್ದವನು. ಕಣ್ಣು ಮೈದಾನದಲ್ಲಿ, ಬಾಯಿ ಮೈಕಿನಲ್ಲಿ. ಚೆಂಡು ಎಲ್ಲಿದೆ ಎಂದು ಕಾಣದಿದ್ದಾಗಲೂ ನಿಲ್ಲಿಸಿದವನಲ್ಲ. ನಿವೃತ್ತಿಯಾದ ಮೇಲೆ ಮೈದಾನ ಹೋಯಿತು, ಬಾಯಿ ಉಳಿಯಿತು. ಮನೆಯವರ ಕಷ್ಟ ನೀವೇ ಊಹಿಸಿ.

ಸೊಸೆ ವಿಡಿಯೋ ಗೇಮುಗಳ ಬಗ್ಗೆ ಒಂದು ಜಾಲತಾಣ ನಡೆಸುತ್ತಾಳೆ. ದೊಡ್ಡ ದೊಡ್ಡ ಗೇಮುಗಳನ್ನು ಹೊಗಳುವುದಕ್ಕೆ ಊರಿಗೆ ಊರೇ ಇದೆ. ಪೂರ್ತಿ ಕೆಟ್ಟದ್ದನ್ನು ಉಗಿಯುವುದಕ್ಕೆ ಅದರ ಎರಡರಷ್ಟು. ನಾವಿಬ್ಬರೂ ತೆಗೆದುಕೊಂಡದ್ದು ನಡುವಿನವುಗಳನ್ನು: ಅರ್ಧ ಚೆನ್ನಾಗಿದ್ದು ಅರ್ಧ ಹಾಳಾದವು. ಒಂದು ಮೀನು ಹಿಡಿಯುವ ಗೇಮು. ಸಮುದ್ರ ನೋಡಿದರೆ ಕಣ್ಣು ತಂಪಾಗುತ್ತದೆ, ಮೀನು ನೋಡಿದರೆ ಹವಾಯಿ ಚಪ್ಪಲಿ. ಇನ್ನೊಂದರಲ್ಲಿ ಡ್ರ್ಯಾಗನ್ ಹಾರುವಾಗ ಮೈ ಜುಮ್ಮೆನ್ನುತ್ತದೆ, ಇಳಿಯುವಾಗ ಸೊಂಟದವರೆಗೆ ನೆಲದಲ್ಲಿ ಹೂತುಹೋಗುತ್ತದೆ. ಮತ್ತೊಂದು ಪತ್ತೇದಾರಿ ಗೇಮು. ಕೊಲೆಗಾರ ಯಾರೆಂದು ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ, ಆದರೆ ಮೆಟ್ಟಿಲು ಹತ್ತುವಾಗ ಪತ್ತೇದಾರನ ಮಂಡಿ ಲಟಕ್ ಎನ್ನುವುದನ್ನು ಯಾರೋ ಪ್ರಾಣ ಕೊಟ್ಟು ರೆಕಾರ್ಡ್ ಮಾಡಿದ್ದಾರೆ. ಆ ಮಂಡಿಗಾಗಿ ನಾನು ಇಡೀ ಗೇಮು ನೋಡಿದೆ.

ಪೂರ್ತಿ ಚೆನ್ನಾಗಿರುವುದರಲ್ಲಿ ಮಾಡಿದವರು ಕಾಣುವುದೇ ಇಲ್ಲ. ಅರ್ಧಂಬರ್ಧ ಇರುವುದರಲ್ಲಿ ಅವರ ಉಸಿರು ಕೇಳಿಸುತ್ತದೆ. ಎಲ್ಲಿ ಸುಸ್ತಾದರು, ಎಲ್ಲಿ ಜಗಳವಾಡಿದರು, ಎಲ್ಲಿ ಊಟ ಬಿಟ್ಟು ಕೂತರು, ಎಲ್ಲ ಗೊತ್ತಾಗುತ್ತದೆ.

ನಮ್ಮ ಪದ್ಧತಿ ಇಷ್ಟು. ನನ್ನ ಬೆರಳುಗಳು ನಡುಗುತ್ತವೆ, ಅದಕ್ಕೆ ಗುಂಡಿ ಒತ್ತಿ ಆಡಿಸುವ ಕಂಟ್ರೋಲರ್ ಸೊಸೆಯ ಕೈಯಲ್ಲಿ. ಅವಳು ಆಡುತ್ತಾಳೆ, ನಾನು ಪಕ್ಕದಲ್ಲಿ ಕೂತು ವಿವರಣೆ ಕೊಡುತ್ತೇನೆ. ಗೇಮು ಮುಗಿದ ಕೂಡಲೇ, ಒಂದು ಮಾತೂ ಚರ್ಚಿಸದೆ, ಇಬ್ಬರೂ ಒಟ್ಟಿಗೆ ಒಂದು ಅಂಕ ಕೂಗಬೇಕು. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಅದೇ ತೀರ್ಪು. ಜಗಳ ಏನಿದ್ದರೂ ಅಂಕದ ನಂತರ.

(ನಿಮ್ಮ ಮಗ ಇದನ್ನ 'ಇಬ್ಬರು ಹುಚ್ಚರ ಸರಾಸರಿ' ಅಂತಾರೆ. ಅದನ್ನೂ ಹೇಳಿ.)

ಅವನು ಹಲ್ಲಿನ ಡಾಕ್ಟರ್. ಅವನಿಗೆ ಕಲೆ ಎಂದರೆ ಕ್ಯಾಪ್ ಹಾಕುವುದು. ಮುಂದಕ್ಕೆ ಹೋಗೋಣ.

೩

'ಮೇಲೆ ಕೆಳಗೆ' ಎಂದು ಒಂದು ಗೇಮು ಬಂತು. ನೀವು ಲಿಫ್ಟ್ ನಡೆಸುವವರು. ಜನ ಹತ್ತುತ್ತಾರೆ, ಇಳಿಯುತ್ತಾರೆ, ಅಷ್ಟೇ ಗೇಮು. ಐದು ಒತ್ತಿದರೆ ಆರಕ್ಕೆ ಹೋಗುತ್ತದೆ. ಸಂಗೀತ ಹಲ್ಲುನೋವಿನ ಹಾಗೆ ಒಂದೇ ಕಡೆ ಮಿಡಿಯುತ್ತದೆ. ಮುಖಗಳೋ, ನಾದಿ ಮರೆತಿಟ್ಟ ಹಿಟ್ಟಿನ ಉಂಡೆಗಳು.

ಆದರೆ ಒಬ್ಬಳು ಅಜ್ಜಿ. (ನನಗಿಂತ ಚಿಕ್ಕವಳೇ ಇರಬೇಕು. ಆದರೂ ಅಜ್ಜಿ. ಈ ಆವರಣ ನನ್ನದು, ಸೊಸೆಯದಲ್ಲ.) ಶುರುವಿನಲ್ಲೇ ಬಟ್ಟೆಚೀಲ ಹಿಡಿದು ಹತ್ತುತ್ತಾಳೆ, ಚೀಲ ಕೆಳಗಿಟ್ಟು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ. ಇಳಿಯುವುದೇ ಇಲ್ಲ. ಲಿಫ್ಟಿನಲ್ಲಿ ಗಂಡ ಹೆಂಡತಿ ಕಿತ್ತಾಡುತ್ತಾರೆ, ಒಬ್ಬ ಮೂರ್ಛೆ ಹೋಗುತ್ತಾನೆ, ಇನ್ನೊಬ್ಬ ಕೆಲಸ ಕಳೆದುಕೊಂಡು ನಗುತ್ತಾನೆ. ಅಜ್ಜಿ ಹಾಗೇ ನಿಂತಿರುತ್ತಾಳೆ. ಕೊನೆಗೆ ಕಟ್ಟಡ ಮುಚ್ಚುತ್ತಾರೆ, ನೀವು ದೀಪ ಆರಿಸಿ ಹೊರಡುತ್ತೀರಿ. ಅಜ್ಜಿ ಆಗಲೂ ಅಲ್ಲೇ.

ನಾನು ಸುಮ್ಮನಾಗಿಬಿಟ್ಟೆ. ಬದುಕಿನುದ್ದಕ್ಕೂ ಬಾಯಿ ಮುಚ್ಚದವನು ಬಾಯಿ ಮುಚ್ಚಿದೆ.

(ಆಂಬುಲೆನ್ಸಿಗೆ ಫೋನ್ ಮಾಡೋಣ ಅಂತಿದ್ದೆ.)

ಅಂಕ ಕೂಗಿದೆವು. ನಾನು ಒಂಬತ್ತು. ಸೊಸೆ ಮೂರು. ಅಲ್ಲಿಗೆ ಆರು. "ಉಳಿದದ್ದೆಲ್ಲ ಕಸ, ಆ ಅಜ್ಜಿಯ ಬೆನ್ನಿಗೋಸ್ಕರ ಆಡಿ" ಎಂದು ಫೋನಿಗೆ ಹೇಳಿದೆ, ಅವಳು ಹಾಗೇ ಜಾಲತಾಣಕ್ಕೆ ಹಾಕಿದಳು.

೪

ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಒಬ್ಬ ಹೆಂಗಸು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಎದೆಗೊತ್ತಿಕೊಂಡ ಲ್ಯಾಪ್‌ಟಾಪ್.

"ಸರ್, 'ಮೇಲೆ ಕೆಳಗೆ' ಮಾಡಿದ್ದು ನಾನು."

ಹಿಟ್ಟಿನ ಉಂಡೆ ನೆನಪಾಯಿತು. ಹೆಲ್ಮೆಟ್ ನೋಡಿದೆ. ಮೆಲ್ಲಗೆ ಸೊಸೆಯ ಹಿಂದೆ ಸರಿದೆ. ಈಕೆಯನ್ನು ಇನ್ನು ಮುಂದೆ ಲಿಫ್ಟಮ್ಮ ಎನ್ನೋಣ.

"ಅಜ್ಜಿ ಬಗ್ಗೆ ಬರೆದಿದ್ರಲ್ಲ ಸರ್..."

"ಬರೆದಿದ್ದೆ. ಒಂದಕ್ಷರ ವಾಪಸ್ ತಗೊಳಲ್ಲ."

"ಅಜ್ಜಿ ಅಲ್ಲಿ ನಿಂತಿದ್ದೇ ತಪ್ಪು ಸರ್. ಅವರು ಮೂರನೇ ಮಹಡೀಲಿ ಇಳೀಬೇಕಿತ್ತು. ಬಾಗಿಲು ತೆಗೆದಾಗ ಆಚೆ ನಡೀರಿ ಅಂತ ಅವರಿಗೆ ಹೇಳೋ ಒಂದು ಸಾಲನ್ನ ಪ್ರೋಗ್ರಾಮಿನಲ್ಲಿ ಬರೆಯೋದೇ ನಾನು ಮರೆತುಬಿಟ್ಟಿದ್ದೆ."

ಸೊಸೆ ನಕ್ಕಳು. ಸೋಫಾದ ಮೇಲೆ ಉರುಳಿ, ದಿಂಬು ಕಚ್ಚಿಕೊಂಡು ನಕ್ಕಳು. "ಒಂಬತ್ತು! ಮಾವ, ಮರೆತುಹೋದ ಸಾಲಿಗೆ ಒಂಬತ್ತು!"

ಲಿಫ್ಟಮ್ಮ ನಗಲಿಲ್ಲ. ಮೂರನೇ ಮಹಡಿಯಲ್ಲಿ ಅಜ್ಜಿಯ ಮನೆ ಇದೆಯಂತೆ. ಇಡೀ ಗೇಮಿನಲ್ಲಿ ಈಕೆ ಜೀವ ಇಟ್ಟು ಕಟ್ಟಿದ್ದು ಅದೊಂದೇ ಕೋಣೆ. ಅಜ್ಜಿ ಇಳಿಯದ ಕಾರಣ ಅದನ್ನು ಯಾರೂ ನೋಡಿಲ್ಲ. ಈಗ ಸರಿ ಮಾಡಿದ್ದಾಳೆ.

"ಇನ್ನೊಂದ್ಸಲ ಆಡಿ ಸರ್, ಅಷ್ಟೇ ಕೇಳೋದು. ನನ್ನ ಎರಡನೇ ಗೇಮನ್ನ ಒಂದು ಕಂಪನಿ ತಗೊಳೋದ್ರಲ್ಲಿದೆ. ಶುಕ್ರವಾರ ಸಂಜೆ ಈ ಗೇಮಿನ ವಿಮರ್ಶೆಗಳನ್ನ ನೋಡ್ತಾರೆ. ಇರೋದೇ ನಾಲ್ಕೈದು. ನಿಮ್ಮದು ಏಳಾದ್ರೆ ದಾಟಿಕೊಳ್ತೀನಿ. ಇಲ್ಲಾಂದ್ರೆ ಪಾರ್ಕಿಂಗ್ ಚೀಟಿ ಕೊಡೋ ಮೆಷೀನ್ ಪ್ರೋಗ್ರಾಮ್ ಮಾಡೋ ಹಳೇ ಕೆಲಸಕ್ಕೇ ವಾಪಸ್."

"ಆ ಮೆಷೀನು 'ನಮಸ್ಕಾರ, ಚೀಟಿ ತೆಗೆದುಕೊಳ್ಳಿ' ಅನ್ನತ್ತಲ್ಲ, ಅದಾ?" ಎಂದಳು ಸೊಸೆ.

"ಆ ದನಿ ನಂದೇ."

ಸೊಸೆಯ ನಗು ನಿಂತಿತು.

೫

ಆಡಿದೆವು. ಲಿಫ್ಟಮ್ಮ ಟೀ ಲೋಟ ಹಿಡಿದು ನಮ್ಮ ಹಿಂದೆ ನಿಂತಿದ್ದಳು. ಕೂರಿ ಎಂದರೂ ಕೂರಲಿಲ್ಲ.

ಮೂರನೇ ಮಹಡಿ ಬಂತು, ಅಜ್ಜಿ ಇಳಿದಳು, ಬೀಗ ತೆಗೆದಳು. ಒಳಗೆ ಒಂದು ಮೇಜು, ಎರಡು ಕುರ್ಚಿ, ಕಿಟಕಿ. ಪಿಯಾನೋ ಶುರುವಾಯಿತು. (ಪಿಯಾನೋ ಶುರುವಾದರೆ ಜೇಬಿನ ಮೇಲೆ ಕೈ ಇಟ್ಟುಕೊಳ್ಳಿ, ಯಾರೋ ಕಣ್ಣೀರು ಕದಿಯಲು ಬಂದಿದ್ದಾರೆ.) ಅಜ್ಜಿ ಮಾತಾಡತೊಡಗಿದಳು. ಮದುವೆ, ಮನೆಗೆಲಸ, ಯಾರೂ ಕೇಳದ ಹಾಡು, ಯಾರೂ ಕೂರದ ಎರಡನೇ ಕುರ್ಚಿ. ಮಾತಾಡಿದಳು, ಮಾತಾಡಿದಳು. ಮಬ್ಬುಗತ್ತಲಲ್ಲಿ ಹಾಯಾಗಿ ಕೂತಿದ್ದ ನನ್ನ ಮುಖಕ್ಕೆ ಯಾರೋ ಟ್ಯೂಬ್‌ಲೈಟ್ ಹಾಕಿದ ಹಾಗಾಯಿತು.

ಪಕ್ಕಕ್ಕೆ ತಿರುಗಿದೆ. ಸೊಸೆಯ ಗಲ್ಲದಿಂದ ನೀರು ಕಂಟ್ರೋಲರಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನಾಲ್ಕು!" ಎಂದೆ ನಾನು.

"ಎಂಟು!" ಎಂದಳು ಅವಳು.

ಹಿಂದಿನಿಂದ ಲೋಟ ಮೇಜಿಗೆ ತಾಗಿದ ಸದ್ದು. "ಮತ್ತೆ ಆರೇನಾ?" ಎಂದಳು ಲಿಫ್ಟಮ್ಮ.

ಗೇಮು ಪೂರ್ತಿ ಬದಲಾಗಿತ್ತು. ನಾವಿಬ್ಬರೂ ತಲೆಕೆಳಗಾಗಿದ್ದೆವು. ಅಂಕ ಮಾತ್ರ ಕಲ್ಲಿನ ಹಾಗೆ ಕೂತಲ್ಲೇ ಕೂತಿತ್ತು.

"ಮಾವ, ಆರು ಅಂದ್ಬಿಡಿ. ಏಳಾಗತ್ತೆ. ನಿಮ್ಮ ಗಂಟೇನು ಹೋಗತ್ತೆ?"

"ನೀನೇ ಹತ್ತು ಅನ್ನು, ಆಗ್ಲೂ ಏಳಾಗತ್ತೆ."

"ನಂಗೆ ಎಂಟೇ ಅನ್ಸಿದ್ದು."

"ನಂಗೂ ನಾಲ್ಕೇ ಅನ್ಸಿದ್ದು."

"ಏನು ಸರಿಯಿರಲಿಲ್ಲ ಸರ್?" ಲಿಫ್ಟಮ್ಮನ ದನಿ ಆ ಚೀಟಿ ಮೆಷೀನಿನ ಹಾಗೆಯೇ ಸಮವಾಗಿತ್ತು.

"ನೋಡೀಮ್ಮಾ, ಅಜ್ಜಿ ಸುಮ್ನೆ ನಿಂತಿದ್ದಾಗ ನಾನು ಅವಳ ಬಗ್ಗೆ ಯೋಚನೆ ಮಾಡ್ತಿದ್ದೆ. ಈಗ ಎಲ್ಲಾ ಅವಳೇ ಹೇಳಿಬಿಟ್ಲು. ನಂಗೇನು ಕೆಲಸ ಉಳೀತು?"

"ಅದು ನಮ್ಮ ದೊಡ್ಡಮ್ಮ ಸರ್. ಆ ಮಾತೆಲ್ಲ ಅವರದ್ದೇ. ಅವರು ಬಾಯಿ ತೆಗೆದ್ರೆ ಸಾಕು, ಮನೇಲಿ ಯಾರಾದ್ರೂ ಟೀವಿ ದನಿ ಜಾಸ್ತಿ ಮಾಡೋರು. ಗೇಮಲ್ಲಾದ್ರೂ ಯಾರೂ ತಡೀದೇ ಮಾತಾಡ್ಲಿ ಅಂತ..."

ಈಗ ಹೇಳಿ ಓದುಗ ಮಹಾಶಯರೇ. ಇದನ್ನು ಕೇಳಿದ ಮೇಲೂ ನಾಲ್ಕು ಎನ್ನುವವನು ಮನುಷ್ಯನೇ?

ಹೌದು, ನಾಲ್ಕೇ. ದೊಡ್ಡಮ್ಮ ನಿಜ, ಕೋಣೆ ಸುಳ್ಳು. ಏನು ಮಾಡಲಿ?

೬

ಲಿಫ್ಟಮ್ಮ ಹೆಲ್ಮೆಟ್ ಹಾಕಿಕೊಂಡು ಹೋದಳು. ಕಥೆ ಮುಗಿಸಬೇಕು. ಕೆಲವು ಮುಕ್ತಾಯಗಳಿವೆ, ಮುಟ್ಟಿ ನೋಡಿ.

ಮುಕ್ತಾಯ ಒಂದು: ನಾನು ಆರು ಎನ್ನುತ್ತೇನೆ. ಏಳಾಗುತ್ತದೆ. ಎಲ್ಲರೂ ಟೂತ್‌ಪೇಸ್ಟ್ ಜಾಹೀರಾತಿನ ಹಾಗೆ ನಗುತ್ತಾರೆ, ನನ್ನ ಮಗನೂ ಮೆಚ್ಚುತ್ತಾನೆ. ಮುಂದೆ ನಾನು ಯಾವ ಮೀನನ್ನು ಚಪ್ಪಲಿ ಎಂದರೂ ಸೊಸೆ ಕೇಳುತ್ತಾಳೆ: "ನಿಜವಾಗ್ಲೂನಾ, ಇಲ್ಲಾ ಯಾರಾದ್ರೂ ಮನೆಗೆ ಬಂದಿದ್ರಾ?"

ಮುಕ್ತಾಯ ಎರಡು: ನಾಲ್ಕು ಎನ್ನುತ್ತೇನೆ. ಮಗನ ಕಾರಿನಲ್ಲಿ ಎಲ್ಲಿಗೋ ಹೋಗುತ್ತೇವೆ. ಪಾರ್ಕಿಂಗ್ ಗೇಟಿನಲ್ಲಿ ಆ ದನಿ 'ನಮಸ್ಕಾರ' ಎನ್ನುತ್ತದೆ. ನಾನು ಕಿಟಕಿಯ ಗಾಜು ಏರಿಸುತ್ತೇನೆ.

ಮುಕ್ತಾಯ ಮೂರು: ಅಂಕದ ಜಾಗ ಖಾಲಿ ಬಿಡುತ್ತೇವೆ. ಭಲೇ, ಎಂಥಾ ಆಧುನಿಕೋತ್ತರ!

(ಖಾಲಿ ಬಿಟ್ರೆ ಸೈಟು ತಾನಾಗೇ ಸೊನ್ನೆ ಹಾಕುತ್ತೆ ಮಾವ.)

ಮುಕ್ತಾಯ ನಾಲ್ಕು...

"ಏನಯ್ಯಾ, ನಾನು ಸುಮ್ನಿದ್ರೆ ಒಂಬತ್ತು, ಬಾಯ್ಬಿಟ್ರೆ ನಾಲ್ಕಾ?"

ಯಾರು?

"ಇನ್ಯಾರು? ನೀನು ಬೆನ್ನು ಹೊಗಳಿದ್ಯಲ್ಲ, ಅವಳು."

"ಅಜ್ಜೀ, ಅದು ಕಲೆಯ ಪ್ರಶ್ನೆ. ಮೌನದಲ್ಲಿ ಒಂದು..."

"ಮೌನದ ಬಗ್ಗೆ ಮಾತಾಡೋನು ಯಾರು ನೋಡು! ಬದುಕೆಲ್ಲ ಮೈಕ್ ಮುಂದೆ ಬಡ್ಕೊಂಡೋನು. ನನ್ನ ಮಾಡಿದೋಳು ಇಳಿ ಅಂತಾಳೆ, ನೀನು ಇಳೀಬೇಡ ಅಂತೀಯ. ಕಾಲು ನೋಯ್ತಿರೋದು ಯಾರಿಗೆ? ಇಬ್ಬರಲ್ಲಿ ಒಬ್ರಾದ್ರೂ ನನ್ನ ಕೇಳಿದ್ರಾ?"

"ನೀನು ಗೇಮಿನವಳು. ನಿನ್ನನ್ನ ಕೇಳೋದು ಹೇಗೆ?"

"ನಿನ್ನ ಕಥೇಲಿ ಇಷ್ಟು ಹೊತ್ತು ಮಾತಾಡ್ತಿದ್ದೀನಿ, ಅದು ಹೇಗೋ?"

(ಮಾವ, ಇದು ನೀವೇ ಹೆಂಗಸಿನ ದನಿ ಮಾಡಿ ಹೇಳಿದ್ದಾ? ಕೇಳೋಕೆ ಭಯಂಕರವಾಗಿದೆ. ಆದ್ರೂ ಅಜ್ಜಿ ಹೇಳೋದೇ ಸರಿ.)

೭

ಲಿಫ್ಟಮ್ಮನಿಗೆ ಫೋನ್ ಮಾಡಿದೆ.

"ಲಿಫ್ಟಲ್ಲಿ ಬಾಗಿಲು ತೆರೆದು ಹಿಡಿಯೋ ಗುಂಡಿ ಇದ್ಯಲ್ಲಮ್ಮಾ, ಅದು ಏನು ಮಾಡತ್ತೆ?"

"ಏನೂ ಇಲ್ಲ ಸರ್. ಚಂದಕ್ಕೆ ಇಟ್ಟಿದ್ದು."

"ಅದಕ್ಕೊಂದು ಕೆಲಸ ಕೊಡಿ. ಅಜ್ಜೀನ ನೀವು ಇಳಿಸ್ಬೇಡಿ. ಇಳೀಬೇಡಾಂತ ನಾನೂ ಅನ್ನಲ್ಲ. ಮೂರನೇ ಮಹಡೀಲಿ ಯಾರಾದ್ರೂ ಬಾಗಿಲು ಹಿಡ್ಕೊಂಡು ಕಾದ್ರೆ, ಅವಳಿಗೆ ಮನಸ್ಸಾದ್ರೆ ಇಳೀಲಿ. ಮಾತಾಡಬೇಕು ಅನ್ಸಿದಷ್ಟೇ ಮಾತಾಡ್ಲಿ."

"ಅಂದ್ರೆ ಲಾಟರಿ ಥರಾನಾ ಸರ್?"

"ಲಾಟರಿ ಅಲ್ಲಮ್ಮ. ಕಾಯೋದು. ನಿಮ್ಮ ದೊಡ್ಡಮ್ಮ ಬಾಯಿ ತೆಗೆದಾಗ ಯಾರೂ ಮಾಡ್ಲಿಲ್ವಲ್ಲ, ಅದು."

ಬೈದಳೋ ಅತ್ತಳೋ ಗೊತ್ತಾಗಲಿಲ್ಲ, ಫೋನ್ ಕಟ್ಟಾಗಿತ್ತು.

ಇವತ್ತು ಶುಕ್ರವಾರ. ಮಧ್ಯಾಹ್ನ ಹೊಸ ಗೇಮು ಬಂತು, ಜೊತೆಗೆ ಅವಳ ಒಂದು ವಾಯ್ಸ್ ನೋಟು: "ಅಂಕ ಎಷ್ಟಾದ್ರೂ ಕೊಡಿ ಸರ್, ಪರವಾಗಿಲ್ಲ. ಮೊದಲು ಇದನ್ನ ಆಡಿ. ಅಜ್ಜಿ ಏನು ಮಾಡ್ತಾರೆ ಅಂತ ಈ ಸಲ ನಂಗೂ ಗೊತ್ತಿಲ್ಲ." ದನಿ ಚೀಟಿ ಮೆಷೀನಿನದಾಗಿರಲಿಲ್ಲ.

ಇದಕ್ಕೆ ನಂಬರ್ ಬೇಡ

ಸೊಸೆ ಕಂಟ್ರೋಲರನ್ನು ನನ್ನ ಕೈಗೇ ಕೊಟ್ಟಿದ್ದಾಳೆ. "ಒಂದೇ ಗುಂಡಿ, ಒತ್ತಿ ಹಿಡ್ಕೊಳ್ಳೋದಷ್ಟೇ. ನಡುಗಿದ್ರೂ ನಡೆಯತ್ತೆ."

ಒತ್ತಿ ಹಿಡಿದಿದ್ದೇನೆ. ಮೂರನೇ ಮಹಡಿಯ ಬಾಗಿಲು ತೆರೆದುಕೊಂಡಿದೆ. ಲಿಫ್ಟಿನಲ್ಲಿರುವವರು ಗೊಣಗುತ್ತಿದ್ದಾರೆ. ಒಬ್ಬ ವಾಚು ನೋಡುತ್ತಿದ್ದಾನೆ. ಗೊಣಗಲಿ, ನೋಡಲಿ. ಅಜ್ಜಿ ಗೋಡೆಯಿಂದ ಈಚೆಗೆ ತಿರುಗಿದಳು. ಮುಖ ಅದೇ ಹಿಟ್ಟಿನ ಉಂಡೆ, ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗಿದೆ, ಈ ಲಿಫ್ಟಮ್ಮನಿಗೆ ಮುಖ ಮಾಡಲು ಯಾವ ಜನ್ಮಕ್ಕೂ ಬರುವುದಿಲ್ಲ. ಆ ಕೆಳಗಿನ ಕಣ್ಣು ನನ್ನನ್ನೇ ನೋಡುತ್ತಿದೆ.

ಪಕ್ಕದ ಮೇಜಿನಲ್ಲಿ ಸೊಸೆಯ ಲ್ಯಾಪ್‌ಟಾಪ್. ಖಾಲಿ ಅಂಕದ ಚೌಕದಲ್ಲಿ ಕರ್ಸರಿನ ಗೆರೆ ಮಿನುಗುತ್ತಿದೆ.

"ಮಾವ, ಕಂಪನಿಯವರು ನೋಡೋ ಹೊತ್ತಾಯ್ತು. ಕೂಗೋಣ್ವಾ? ಒಂದು, ಎರಡು..."

"ತಡಿಯೇ. ಅಜ್ಜಿ ಚೀಲ ಎತ್ಕೊಂಡ್ಲು."

ಓದುಗ ಮಹಾಶಯರೇ, ಕುರ್ಚಿ ಕೊಡುತ್ತೇನೆಂದು ನಿಮ್ಮನ್ನು ನಿಲ್ಲಿಸಿದವನು ಮರೆತೇಬಿಟ್ಟೆ. ಈಗ ನೋಡಿದರೆ ನೀವೂ ಲಿಫ್ಟಿನೊಳಗೇ ನಿಂತಿದ್ದೀರಿ. ಅವಸರವಿದ್ದರೆ ಮೆಟ್ಟಿಲು ಆ ಕಡೆ ಇದೆ, ಹತ್ತಿಕೊಂಡು ಹೋಗಿ. ನಾನು ಗುಂಡಿ ಬಿಡುವುದಿಲ್ಲ.